ಹನ್ನೊಂದು ಖೇಪು

ಅರ್ಥವಾಗದಿದ್ದರೂ ‘ಯಾ, ಯಾ’ ಎಂದು ತಲೆಯಾಡಿಸುವ ಚಟ ನನಗೆ ಈ ದೇಶಕ್ಕೆ ಬಂದ ಮೊದಲ ತಿಂಗಳಲ್ಲೇ ಅಂಟಿಕೊಂಡಿತು. ಬೇಕರಿಯವಳು ಏನೋ ಕೇಳುತ್ತಾಳೆ, ಹಿಂದೆ ಆರು ಜನ ನಿಂತಿರುತ್ತಾರೆ, ‘ಯಾ’ ಅಂದುಬಿಟ್ಟರೆ ಕೆಲಸ ಮುಗಿಯಿತು. ಹೆಚ್ಚೆಂದರೆ ಬೇಡದ ಬ್ರೆಡ್ಡು ಮನೆಗೆ ಬರುತ್ತದೆ. ಒಂಬತ್ತು ವರ್ಷ ಈ ಒಂದು ಅಕ್ಷರವನ್ನೇ ನಂಬಿ ಸಂಸಾರ ಮಾಡಿದೆ. ನಮ್ಮತ್ತೆಯ ವಿಷಯದಲ್ಲಿ ಮಾತ್ರ ಅದೇ ಅಕ್ಷರ ನನ್ನ ಕುತ್ತಿಗೆಗೆ ಬಂತು.

ಅತ್ತೆ ನೀಲವ್ವ ಮೇ ತಿಂಗಳ ಮೊದಲ ವಾರ ಹುಬ್ಬಳ್ಳಿಯಿಂದ ಬಂದರು. ಮೂರು ತಿಂಗಳ ವೀಸಾ, ಹತ್ತು ಕಿಲೋ ಜೋಳದ ಹಿಟ್ಟು, ಶೇಂಗಾ ಚಟ್ನಿಪುಡಿ, ಮತ್ತು ಒಂದು ಹೊಸ ಸ್ಟೀಲ್ ಡಬ್ಬಿ. ನಾವಿರುವುದು ಜರ್ಮನಿಯ ಶ್ವೀಬರ್ಡಿಂಗೆನ್‌ನಲ್ಲಿ, ಹಳೆಯ ಮನೆಯೊಂದರ ಮೇಲಿನ ಮಹಡಿಯಲ್ಲಿ. ನನ್ನ ಗಂಡ ಚೇತನಕುಮಾರ ಕಾರಿನ ಎಲೆಕ್ಟ್ರಾನಿಕ್ಸ್ ಮಾಡುವ ಕಂಪನಿಯಲ್ಲಿ ಎಂಜಿನಿಯರ್. ನಾನು ಮಧ್ಯಾಹ್ನದವರೆಗೆ ಶಾಲೆಯೊಂದರ ಕ್ಯಾಂಟೀನಿನಲ್ಲಿ ಊಟ ಬಡಿಸುತ್ತೇನೆ. ಮಗಳು ಪವಿಗೆ ಹದಿನಾಲ್ಕು. ಹಸಿವಾದರೆ ಕನ್ನಡ ಬರುತ್ತದೆ, ಸಿಟ್ಟು ಬಂದರೆ ಜರ್ಮನ್. ಕೆಳಗೆ ಮನೆಯ ಮಾಲಕಿ ಫ್ರೌ ಶ್ಯೂಲೆ ಒಬ್ಬರೇ ಇರುತ್ತಾರೆ. ಜುಲೈಗೆ ಅವರಿಗೆ ತೊಂಬತ್ತು ತುಂಬುವುದಿತ್ತು. ಈಗಲೂ ಏಣಿ ಹತ್ತಿ ಚೆರ್ರಿ ಕೀಳುತ್ತಾರೆ, ಬೇಡ ಎಂದವರಿಗೆ ಬೈಯುತ್ತಾರೆ.

ಈ ಕಡೆ ಕೇರ್‌ವೋಖೆ ಎಂಬ ಪದ್ಧತಿಯುಂಟು. ಮೆಟ್ಟಿಲು, ಅಂಗಳ ಗುಡಿಸುವ ವಾರದ ಪಾಳಿ ಅದು. ಯಾರ ಪಾಳಿಯೋ ಅವರ ಬಾಗಿಲಿಗೆ ಒಂದು ಮರದ ಹಲಗೆ ತೂಗುಹಾಕಿರುತ್ತಾರೆ. ಅತ್ತೆ ಬಂದ ಮಾರನೆಯ ದಿನವೇ ಬೆಳಿಗ್ಗೆ ಎದ್ದು ಫ್ರೌ ಶ್ಯೂಲೆಯವರ ಪಾಳಿಯ ವಾರದಲ್ಲಿ ಮೆಟ್ಟಿಲೆಲ್ಲ ಗುಡಿಸಿಬಿಟ್ಟರು.

“ಅತ್ತಿ, ಈ ವಾರ ನಮ್ಮ ಪಾಳಿ ಅಲ್ರಿ. ಕೆಳಗಿನವರದು.”

“ಕಸಕ್ಕ ಪಾಳಿ ಗೊತ್ತಿರತದೇನ? ಬಿದ್ದಿತ್ತು, ಹೊಡದೆ.”

ಫ್ರೌ ಶ್ಯೂಲೆ ಎರಡು ದಿನ ಮುಖ ಬಿಗಿದುಕೊಂಡರು. ಮೂರನೆಯ ದಿನ ನೋಡುತ್ತೇನೆ, ಇಬ್ಬರೂ ಅಂಗಳದ ಬೆಂಚಿನ ಮೇಲೆ ಕೂತು ಬೀನ್ಸ್ ಮುರಿಯುತ್ತಿದ್ದಾರೆ! ಒಬ್ಬರದು ಹುಬ್ಬಳ್ಳಿ ಕನ್ನಡ, ಇನ್ನೊಬ್ಬರದು ಈ ಊರಿನ ಜರ್ಮನ್. ಇಬ್ಬರೂ ಒಟ್ಟೊಟ್ಟಿಗೆ ಮಾತಾಡುತ್ತಿದ್ದರು, ಇಬ್ಬರೂ ಹೂಂಗುಟ್ಟುತ್ತಿದ್ದರು.

“ಫ್ರೌ ಅಂದ್ರ ಏನ ಶ್ರೀದೇವಿ?” ಅತ್ತೆ ಕೇಳಿದರು.

“ಅವ್ವಾರ ಅಂದಂಗ್ರಿ.”

“ಹಂಗಾರ ಫ್ರೌವ್ವ.” ಅಂದಿನಿಂದ ಅವರು ಫ್ರೌವ್ವ ಆದರು. ಅವರಿಗೂ ಅದು ಹಿಡಿಸಿತು.

ಅತ್ತೆ ಡಬ್ಬಿ ತುಂಬ ಶೇಂಗಾ ಉಂಡಿ ಮಾಡಿ ಕೊಟ್ಟರು. ಮರುದಿನ ಡಬ್ಬಿ ಫಳಫಳ ತೊಳೆದು ಬಂತು, ಖಾಲಿಯಾಗಿ. ಅತ್ತೆಯ ಮುಖ ಸಣ್ಣದಾಯಿತು.

“ಖಾಲಿ ಡಬ್ಬಿ ಕೊಟ್ಟಾಳಲ್ಲ, ನಾ ಏನರ ತಪ್ಪ ಮಾಡಿದ್ನ್ಯಾ?”

“ಇಲ್ರಿ ಅತ್ತಿ, ಇಲ್ಲೆ ತೊಳದು ಕೊಡೋದ ಮರ್ಯಾದಿ.”

“ಒಂದ ಚಿಟಿಕಿ ಸಕ್ಕರಿನರ ಹಾಕಬಾರದೇನ! ಖಾಲಿ ಡಬ್ಬಿ ಅಂದ್ರ ಇನ್ನ ಬರಬ್ಯಾಡ ಅಂದಂಗ.”

ನಾನು ಹೋಗಿ ನನ್ನ ಮುರುಕು ಜರ್ಮನ್‌ನಲ್ಲಿ ಹೇಳಿದೆ, ನಮ್ಮಲ್ಲಿ ಪಾತ್ರೆ ಖಾಲಿ ತಿರುಗಿಸುವುದಿಲ್ಲ ಅಂತ. ಫ್ರೌವ್ವ ನಕ್ಕರು. ಆಮೇಲೆ ಡಬ್ಬಿ ಒಮ್ಮೆಯೂ ಖಾಲಿ ಬರಲಿಲ್ಲ. ಮೂರು ಮೊಟ್ಟೆ ಬಂದವು (ಅತ್ತೆ ಮುಟ್ಟಲಿಲ್ಲ, ಪವಿಗಾಯಿತು), ಬೊಗಸೆ ಚೆರ್ರಿ ಬಂದವು, ಒಮ್ಮೆ ಬರೀ ಒಂದು ಗುಲಾಬಿ ಬಂತು. ಬೆಳಿಗ್ಗೆ ನಾವು ಮೂವರೂ ಹೊರಗೆ ಹೋದರೆ ಅತ್ತೆಗೆ ಇಡೀ ಊರಿನಲ್ಲಿ ಇದ್ದ ಒಬ್ಬಳೇ ಗೆಳತಿ ಆಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಮುಂದಿನದೆಲ್ಲ ಅತಿಯಾಯಿತು ಅನ್ನಿಸಬಹುದು.

ಜೂನ್ ತಿಂಗಳ ಒಂದು ಮಧ್ಯಾಹ್ನ ಫ್ರೌವ್ವ ಆಲ್ಬಮ್ ತಂದು ತೀರಿಹೋದ ಗಂಡನ ಫೋಟೋ ತೋರಿಸಿದರು. ಬರ್ಲಿನಿನವನು, ಡೀಟರ್ ಅಂತ ಹೆಸರು. ಅತ್ತೆಗೆ ತಮ್ಮವರ ಸುದ್ದಿ ಹೇಳುವ ಉಮೇದಿ ಬಂತು.

“ನಮ್ಮಪ್ಪನೂ ಈ ದೇಶಕ್ಕ ಬಂದಿದ್ದ ಅಂತ ಹೇಳವಾ ಇಕಿಗೆ. ಯುದ್ಧಕ್ಕ ಹೋಗಿದ್ದ, ಇಂಗ್ಲೆಂಡಿನಿಂದ ವಿಮಾನದಾಗ ಜರ್ಮನಿಗೆ ಖೇಪು ಹೊಡದಾನ. ಹನ್ನೊಂದು ಖೇಪು. ಹೇಳ, ಹೇಳ.”

ಅತ್ತೆಯ ಅಪ್ಪ ಸಿದ್ದರಾಮಪ್ಪ ಹುಬ್ಬಳ್ಳಿ ರೈಲ್ವೆಯಲ್ಲಿ ತಂತಿ ಆಪರೇಟರ್. ಇಪ್ಪತ್ತರ ಹುಡುಗ, ಕಟ್‌ಕಟ್ ಬಡಿಯುವುದರಲ್ಲಿ ಗಟ್ಟಿಗ. ಅದೇ ವಿದ್ಯೆಯ ಮೇಲೆ ಬ್ರಿಟಿಷರ ವಾಯುಪಡೆಗೆ ಸೇರಿ ಇಂಗ್ಲೆಂಡಿಗೆ ಹೋದ. ವಿಮಾನದಲ್ಲಿ ವೈರ್‌ಲೆಸ್ ನೋಡಿಕೊಂಡ. ನಲವತ್ತೈದರಲ್ಲಿ ಬಲಗೈಯ ಎರಡು ಬೆರಳು ಕಳೆದುಕೊಂಡು ಊರಿಗೆ ಬಂದ. “ಥಂಡ್ಯಾಗ ಹೋದ್ವು” ಅನ್ನುತ್ತಿದ್ದನಂತೆ. ಬೆರಳಿಲ್ಲದ ಮೇಲೆ ತಂತಿ ಎಲ್ಲಿಯದು? ಹತ್ತಿ ಅಡತಿ ಅಂಗಡಿಯಲ್ಲಿ ಎಡಗೈಯಲ್ಲಿ ಲೆಕ್ಕ ಬರೆಯುತ್ತ ಆಯುಷ್ಯ ಕಳೆದ. ಯುದ್ಧದಲ್ಲಿ ಏನು ಮಾಡಿದಿ ಎಂದು ಮಕ್ಕಳು ಕೇಳಿದರೆ ಒಂದೇ ಉತ್ತರ: “ಹನ್ನೊಂದು ಖೇಪು ಹೊಡದೆ. ಮಾಲ್ ಇಳಿಸಿ ವಾಪಸ್ ಬರೂದು.” ನಮ್ಮ ಕಡೆ ಖೇಪು ಅಂದರೆ ಚಕ್ಕಡಿಯಲ್ಲೋ ಲಾರಿಯಲ್ಲೋ ಸಾಮಾನು ಹೇರಿಕೊಂಡು ಹೋಗಿ ಇಳಿಸಿ ಬರುವ ಒಂದು ಸರದಿ. ಮನೆಯವರೆಲ್ಲ ಹಾಗೇ ತಿಳಿದರು. ನಾನೂ ಹಾಗೇ ತಿಳಿದೆ. ಮದುವೆಯಾದಾಗಿನಿಂದ ನೂರು ಸಲ ಕೇಳಿದ ಮಾತು, ಒಮ್ಮೆಯಾದರೂ ಬಿಡಿಸಿ ನೋಡಬಾರದೇ? ನೋಡಲಿಲ್ಲ.

ಜರ್ಮನ್‌ಗೆ ತಿರುಗಿಸಿದವಳು ನಾನೇ. ನಮ್ಮ ‘ಗೆ’, ‘ಕ್ಕೆ’ಗಳಿಗೆಲ್ಲ ಜರ್ಮನ್‌ನಲ್ಲಿ ‘ನಾಖ್’ ಎಂದು ಕ್ಲಾಸಿನಲ್ಲಿ ಉರು ಹೊಡೆದಿದ್ದೆ. ಯುದ್ಧಕ್ಕೆ ಅನ್ನಲು ‘ನಾಖ್’ ಹಚ್ಚಿದೆ, ಜರ್ಮನಿಗೆ ಅನ್ನಲೂ ‘ನಾಖ್’ ಹಚ್ಚಿದೆ. ಖೇಪಿಗೆ ‘ಲೀಫರುಂಗ್’, ಅಂದರೆ ಪಾರ್ಸೆಲ್ ಹಂಚುವವರ ಡೆಲಿವರಿ. ಇಂಗ್ಲೆಂಡಿನಿಂದ, ವಿಮಾನದಲ್ಲಿ, ಹನ್ನೊಂದು ಲೀಫರುಂಗ್.

ಫ್ರೌವ್ವ ಎರಡೂ ಕೆನ್ನೆಗೆ ಕೈ ಹಚ್ಚಿಕೊಂಡು ಎದ್ದು ನಿಂತರು. “ರೋಸಿನೆನ್‌ಬೋಂಬರ್!” ಅಂದರು.

ರೋಸಿನೆನ್ ಅಂದರೆ ಒಣದ್ರಾಕ್ಷಿ, ಅದು ಅಂಗಡಿಯಲ್ಲಿ ನೋಡಿ ಗೊತ್ತಿತ್ತು. ಬೋಂಬರ್ ಅಂದದ್ದನ್ನು ಬೊಂಬೋನ್, ಅಂದರೆ ಮಿಠಾಯಿ ಅಂದುಕೊಂಡೆ. ದ್ರಾಕ್ಷಿ, ಮಿಠಾಯಿ, ಒಳ್ಳೆಯ ಸುದ್ದಿಯೇ ಇರಬೇಕು. “ಬರ್ಲಿನ್?” ಎಂದು ಕೇಳಿದರು. “ಯಾ, ಯಾ” ಅಂದೆ. ಫ್ರೌವ್ವ ಅತ್ತೆಯ ಎರಡೂ ಕೈ ಹಿಡಿದು ಗಂಡನ ಫೋಟೋ ತೋರಿಸಿ ತೋರಿಸಿ ಅತ್ತುಬಿಟ್ಟರು. ಅತ್ತೆಯೂ ಅತ್ತರು. ನನಗೂ ಕಣ್ಣು ತುಂಬಿತು. ಯಾಕೆ ಅಂತ ಮೂವರಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು, ಅದೂ ತಪ್ಪು ಗೊತ್ತಿತ್ತು.

ಮುಂದಿನ ಶನಿವಾರದಿಂದ ಡಬ್ಬಿಯಲ್ಲಿ ಜಡೆಯ ಹಾಗೆ ಹೆಣೆದ ಸಿಹಿ ಬ್ರೆಡ್ಡು ಬರತೊಡಗಿತು, ತುಂಬ ಒಣದ್ರಾಕ್ಷಿ ಹಾಕಿದ್ದು. ಪ್ರತಿ ಶನಿವಾರ. ಮೂರನೆಯ ಶನಿವಾರ ಅದರ ಜೊತೆ ಒಂದು ಕಾರ್ಡೂ ಬಂತು: ತೊಂಬತ್ತನೆಯ ಹುಟ್ಟುಹಬ್ಬಕ್ಕೆ ನೀಲವ್ವ ತಮ್ಮ ಪಕ್ಕದ ಕುರ್ಚಿಯಲ್ಲಿ ಕೂರಬೇಕು. ನಲವತ್ತು ಜನ ನೆಂಟರು ಬರುತ್ತಾರೆ, ಎಲ್ಲರಿಗೂ ಪರಿಚಯ ಮಾಡಿಸುತ್ತಾರಂತೆ. ಅತ್ತೆ ಇಳಕಲ್ ಸೀರೆ ತೆಗೆದು ಗಾಳಿಗೆ ಹಾಕಿದರು.

ಅದೇ ಶನಿವಾರ ಸಂಜೆ ಊಟಕ್ಕೆ ಕೂತಿದ್ದೆವು. ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಪವಿ ಮೆಟ್ಟಿಲಲ್ಲಿ ಫ್ರೌ ಶ್ಯೂಲೆಯನ್ನು ಮಾತಾಡಿಸಿ ಬಂದವಳೇ ಬ್ಯಾಗು ಎಸೆದಳು.

“ಮಮ್ಮಿ, ಪಣಜ್ಜ ರೋಸಿನೆನ್‌ಬೋಂಬರ್ ಅಂತ ಅವರಿಗೆ ಯಾರ ಹೇಳಿದ್ರು? ದಸ್ ಷ್ಟಿಮ್ಟ್ ನಿಖ್ಟ್!”

“ಕನ್ನಡದಾಗ ಹೇಳ.”

“ಖರೇ ಅಲ್ಲ ಅದು! ರೋಸಿನೆನ್‌ಬೋಂಬರ್ ಬಂದಿದ್ದು ನೈಂಟೀನ್ ಫಾರ್ಟಿಏಟ್‌ದಾಗ. ಯುದ್ಧ ಮುಗದ ಮ್ಯಾಲ. ಬರ್ಲಿನ್‌ಗೆ ರಸ್ತಾ ಬಂದ್ ಮಾಡಿದ್ರು, ಆವಾಗ ಇಂಗ್ಲೆಂಡಿನವರೂ ಪ್ಲೇನ್‌ದಾಗ ಊಟ ತಂದ್ರು. ಹುಡುಗರಿಗೆ ಮ್ಯಾಲಿಂದ ಚಾಕ್ಲೇಟ್, ದ್ರಾಕ್ಷಿ ಒಗದ್ರು, ಅದಕ್ಕ ಆ ಹೆಸರು. ಅವರ ಗಂಡಗೂ ಸಿಕ್ಕಿತ್ತಂತ. ಪಣಜ್ಜ ಫಾರ್ಟಿಫೈವ್‌ದಾಗ ಹುಬ್ಬಳ್ಳಿಗೆ ಬಂದಿದ್ದ, ಹೌದಿಲ್ಲೊ ಆಯಿ?”

“ಹೌದ. ನಲವತ್ತೆಂಟರಾಗ ನಮ್ಮವ್ವನ್ನ ಮದುವಿ ಆದ” ಎಂದರು ಅತ್ತೆ, ರೊಟ್ಟಿ ಮುರಿಯುತ್ತ.

“ಮಮ್ಮಿ, ನೀ ಏನಂದಿ ಅವರಿಗೆ? ಎಕ್ಸಾಕ್ಟ್ಲಿ ಏನಂದಿ?”

ಹೇಳಿದೆ. ಪವಿ ಹಣೆ ಹಣೆ ಬಡಿದುಕೊಂಡಳು. “ನಾಖ್ ಕ್ರೀಗ್ ಅಂದ್ರ ಯುದ್ಧ *ಆದ ಮ್ಯಾಲ*, ಮಮ್ಮಿ! ಯುದ್ಧಕ್ಕ ಅಲ್ಲ!”

ನನ್ನ ಗಂಡ ಅಗಿಯುವುದನ್ನು ನಿಲ್ಲಿಸಿದರು. “ಅವ್ವಾ, ಅಜ್ಜ ಏನ್ ಮಾಲ್ ಒಯ್ಯತಿದ್ದ?”

“ನನಗೇನ ಗೊತ್ತೊ? ಟಪಾಲು, ಅರಿವಿ, ಔಷಧ... ಯುದ್ಧದಾಗ ಏನೇನ ಬೇಕಾಗತದ.”

“ಇಂಗ್ಲೆಂಡಿನವರು ವೈರಿಗೆ ಔಷಧ ಯಾಕ ಕಳಸ್ತಾರ?”

ಅತ್ತೆ ಮಗನ ಮುಖ ನೋಡಿದರು, ಮೊಮ್ಮಗಳ ಮುಖ ನೋಡಿದರು. “ನಮ್ಮಪ್ಪ ಮಾಲ್ ಅಂದಾನ” ಎಂದರು. ಬಾಂಬು ಎಂಬ ಮಾತನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಎಣ್ಣೆಗಾಯಿ ಆರಿತು. ಆ ದಿನ ಯಾರೂ ಎರಡನೆಯ ರೊಟ್ಟಿ ಕೇಳಲಿಲ್ಲ.

ಮರುದಿನ ಅತ್ತೆಯ ತಂಗಿ ಬಸಕ್ಕನಿಗೆ ಫೋನ್ ಹಚ್ಚಿದೆವು. ಅಪ್ಪನ ಟ್ರಂಕು ಹುಬ್ಬಳ್ಳಿಯ ಆಕೆಯ ಮನೆಯಲ್ಲಿತ್ತು.

“ಅಟ್ಟದ ಮ್ಯಾಲ ಐತಿ. ಅದರಾಗ ಜೇಡ ಅದಾವ. ಈಗೆಲ್ಲಿ ಅದನ್ನ ಇಳಸಲಿ?” ಎಂದಳು ಬಸಕ್ಕ.

“ಇಳಸವಾ. ಅಪ್ಪನ ನೀಲಿ ಪುಸ್ತಕ ಇತ್ತಲ್ಲ, ಅದರ ಫೋಟೋ ಕಳಸ.”

“ಜರ್ಮನಿಯಾಗ ಕುಂತು ಜೇಡರ ಬಲಿ ತಗಸ್ತಿ ನನ್ನ ಕಡಿಂದ!” ಎಂದು ಬೈದರೂ ಸಂಜೆಯೊಳಗೆ ಕಳಿಸಿದಳು. ಒಂದು ಫೋಟೋದಲ್ಲಿ ಆಕೆಯ ಹೆಬ್ಬೆರಳೂ ಬಂದಿತ್ತು.

ತಾರೀಖು, ವಿಮಾನ, ಕೆಲಸ ಎಂದು ಗೆರೆ ಎಳೆದ ಪುಟಗಳು. ಹನ್ನೆರಡು ಸಾಲು ಕೆಂಪು ಶಾಯಿಯಲ್ಲಿದ್ದವು. “ಕೆಂಪು ಶಾಯಿ ನೋಡಿ, ಅಪ್ಪ ಎಲ್ಲಾ ತಪ್ಪ ಬರದಿದ್ದ, ಮಾಸ್ತರ ತಿದ್ಯಾರ ಅಂತಿದ್ವಿ ನಾವು” ಎಂದರು ಅತ್ತೆ. ನನ್ನ ಗಂಡ ಇಂಟರ್‌ನೆಟ್ಟಿನಲ್ಲಿ ಹುಡುಕಿ ಹೇಳಿದರು: ಕೆಂಪು ಅಂದರೆ ಕತ್ತಲಲ್ಲಿ ಹಾರಿದ್ದು. ‘ಆಪ್ಸ್’ ಎಂದು ಬರೆದಿದ್ದರೆ ದಾಳಿ. ಕೆಲವು ಫ್ರಾನ್ಸಿನ ಊರುಗಳು. ಆಮೇಲೆ ಕೀಲ್. ಕೊನೆಯ ಮೂರು ಸಾಲಿನಲ್ಲೂ ಒಂದೇ ಊರು: ಶ್ಟುಟ್‌ಗಾರ್ಟ್, ಶ್ಟುಟ್‌ಗಾರ್ಟ್, ಶ್ಟುಟ್‌ಗಾರ್ಟ್. ನಲವತ್ನಾಲ್ಕರ ಜುಲೈ ಕೊನೆಯ ವಾರ. ನಮ್ಮ ಮನೆಯಿಂದ ಶ್ಟುಟ್‌ಗಾರ್ಟಿಗೆ ಬಸ್ಸು, ಎಸ್-ಬಾನ್ ರೈಲು ಹಿಡಿದರೆ ಮುಕ್ಕಾಲು ಗಂಟೆ. ಪ್ರತಿ ತಿಂಗಳು ಅಲ್ಲಿಂದಲೇ ತೊಗರಿಬೇಳೆ ತರುತ್ತೇವೆ.

“ಹನ್ನೊಂದು ಅಂತಿದ್ದ. ಇಲ್ಲಿ ಹನ್ನೆರಡು ಅದಾವಲ್ಲೊ?” ಅತ್ತೆ ಬೆರಳಿಟ್ಟು ಎಣಿಸಿದರು.

ಹನ್ನೆರಡನೆಯ ಸಾಲಿನ ಕೊನೆಗೆ ನಾಲ್ಕು ಇಂಗ್ಲಿಷ್ ಅಕ್ಷರಗಳಿದ್ದವು, ಡಿ ಎನ್ ಸಿ ಓ. ಅದನ್ನೂ ಹುಡುಕಿದೆವು. ಹೋದ ಕೆಲಸ ಆಗಲಿಲ್ಲ, ಹಾದಿಯಲ್ಲೇ ತಿರುಗಿ ಬಂದೆವು ಅಂತ ಅರ್ಥವಂತೆ. ಅದರ ಕೆಳಗೆ ಸಣ್ಣದಾಗಿ, ‘ಕೈಗೆ ಗಾಯ, ಆಸ್ಪತ್ರೆ’. ಮುಂದೆ ಪುಟ ಖಾಲಿ.

“ಹಂಗಾರ ಥಂಡ್ಯಾಗ ಹೋಗಿಲ್ಲ ಬೆರಳು” ಎಂದರು ಅತ್ತೆ. ಅಷ್ಟು ಹೇಳಿ ಎದ್ದು ಹೋಗಿ ಹಾಲು ಕಾಯಿಸಿದರು. ಹಾಲು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿದರೂ ನೋಡುತ್ತ ನಿಂತಿದ್ದರು. ನಾನೇ ಹೋಗಿ ಆರಿಸಿದೆ.

ಆಮೇಲಿನ ಹತ್ತು ದಿನ ನಮ್ಮ ಮನೆಯಲ್ಲಿ ನಡೆದದ್ದು ಒಂದೇ ಜಗಳ. ಅದು ಚಹಾದ ಹೊತ್ತಿಗೆ ಶುರುವಾಗುತ್ತಿತ್ತು, ಪಾತ್ರೆ ತೊಳೆಯುವಾಗ ಜೋರಾಗುತ್ತಿತ್ತು.

“ಹೇಳೂದು ಬ್ಯಾಡ” ಎಂದರು ನನ್ನ ಗಂಡ. “ತೊಂಬತ್ತು ವರ್ಷದಾಕಿ ಅವ್ವಾ ಅಕಿ. ಖುಷಿಯಾಗಿದ್ದಾಳ. ಎಂಬತ್ತು ವರ್ಷದ ಹಿಂದಿಂದು ಕೆದರಿ ಯಾರಿಗೇನ ಲಾಭ? ನಾಳೆ ಸಿಟ್ಟಾಗಿ ಮನಿ ಬಿಡ್ರಿ ಅಂದ್ರ? ಈ ಊರಾಗ ಮನಿ ಹುಡುಕೂದು ಅಂದ್ರ ಏನಂತ ತಿಳದಿ?”

“ಪಪ್ಪಾ, ಅವರು ನಲವತ್ತ ಮಂದಿ ಮುಂದ ಎದ್ದು ನಿಂತು ಸುಳ್ಳ ಹೇಳ್ತಾರ. ನಮ್ಮ ಸುಳ್ಳು!” ಪವಿಯ ದನಿ ಏರಿತು.

“ನಾವು ಸುಳ್ಳ ಹೇಳಿಲ್ಲ. ನಿಮ್ಮ ಮಮ್ಮಿ ಗ್ರಾಮರ್ ತಪ್ಪು ಮಾಡ್ಯಾಳ.”

“ನನ್ನ ಗ್ರಾಮರ್ ಮ್ಯಾಲ ಹಾಕಬ್ಯಾಡ್ರಿ!” ನನಗೆ ರೇಗಿತು. “ಇಷ್ಟ ವರ್ಷ ನೀವು ಕೇಳಿದ್ರ್ಯಾ ಅಜ್ಜ ಏನ್ ಮಾಲ್ ಒಯ್ದ ಅಂತ? ನಿಮ್ಮಜ್ಜ ಅಲ್ಲೇನ್ರಿ?”

ಅತ್ತೆ ಬೆಳಿಗ್ಗೆ ಗುಡಿಸಲು ಹೋಗುವುದನ್ನು ಬಿಟ್ಟರು. ಕೆಳಗಿನಿಂದ “ಫ್ರೌ ನೀಲಾ!” ಎಂದು ಕೂಗಿದರೆ ನಾನು ಕಿಟಕಿಯಿಂದ ಇಣುಕಿ, ತಲೆನೋವಂತೆ ಎಂದು ಸನ್ನೆ ಮಾಡುತ್ತಿದ್ದೆ. ನಾಲ್ಕನೆಯ ಬ್ರೆಡ್ಡು ಬಂತು. ಅತ್ತೆ ಅದನ್ನು ಕೊಯ್ಯಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲೆ ಡಬ್ಬಿಯಲ್ಲೇ ಒಣಗಿತು. ನಾಲ್ಕನೆಯ ದಿನ ನಾನು ಬಿಸಾಡಲು ಹೋದರೆ ಕೈ ಹಿಡಿದರು.

“ತಿನ್ನಾಕ ಆಗವಲ್ದು, ಚೆಲ್ಲಾಕೂ ಆಗವಲ್ದು. ಒಂದೊಂದ ದ್ರಾಕ್ಷಿ ನೋಡಿದ್ರ ನಮ್ಮಪ್ಪ ಕಾಣತಾನ. ಅದು ಖರೇನ ಅವನಲ್ಲ. ನಮ್ಮಪ್ಪ ಯಾರು ಹಂಗಾರ? ಹಬ್ಬದ ದಿನ ನನಗ ಜಡಿ ಹಾಕತಿದ್ದ, ಮೂರ ಬೆರಳಿಲೆ. ಇರಿವಿ ತುಳದ್ರ ಪಾಪ ಅಂತಿದ್ದ. ನನಗ ಏನೂ ತಿಳಿವಲ್ದು ಶ್ರೀದೇವಿ.”

ನನಗೂ ತಿಳಿಯುತ್ತಿರಲಿಲ್ಲ. ಆ ಕಡೆ ಕೆಟ್ಟ ಸರ್ಕಾರ, ಅದನ್ನು ಮಣಿಸಲೇಬೇಕಿತ್ತು ಎಂದು ಪವಿಯ ಪುಸ್ತಕದಲ್ಲೇ ಇದೆ. ಅವಳೇ ಓದಿ ಹೇಳಿದಳು. ಅದೇ ಪುಸ್ತಕದ ಮುಂದಿನ ಪುಟದಲ್ಲಿ ಸುಟ್ಟ ಬೀದಿಗಳ ಫೋಟೋ. ಹುಡುಗಿ ಎರಡು ಪುಟಗಳ ನಡುವೆ ಬೆರಳಿಟ್ಟು ಕೂತಿದ್ದಳು.

ಹುಟ್ಟುಹಬ್ಬಕ್ಕೆ ಹತ್ತು ದಿನ ಉಳಿದಾಗ, ಒಂದು ಗುರುವಾರ, ಅತ್ತೆ ಬೆಳಿಗ್ಗೆ ಎದ್ದು ಚಕ್ಕಲಿ ಕರಿದರು. ಒಣಬ್ರೆಡ್ಡನ್ನು ಪುಡಿ ಮಾಡಿ ಹಕ್ಕಿಗೆ ಹಾಕಿದರು. ಡಬ್ಬಿ ತೊಳೆದು ಚಕ್ಕಲಿ ತುಂಬಿ, ನಾನು ಕೆಲಸದಿಂದ ಬರುವುದನ್ನೇ ಕಾದರು.

“ನಡಿ. ನೀ ಹೇಳಿದ್ದು ನೀನ ತಿದ್ದಬೇಕು.”

“ಅವರನ್ನ ಕೇಳೂಣ್ರಿ, ಸಂಜಿಗೆ ಬರ್ತಾರ.”

“ಅಂವಾ ಮನಿ ಸಲುವಾಗಿ ಹೆದರ್ಯಾನ. ನಾ ಅಕಿ ಸಲುವಾಗಿ ಹೆದರೇನಿ. ಅಕಿ ನನ್ನ ಕೈ ಹಿಡದು ಅತ್ತಾಳಲ್ಲ, ಆ ಕೈ ನಂದಲ್ಲ ಅಂತ ಅಕಿಗೆ ಗೊತ್ತಾಗಬೇಕು.”

“ಉಂಡಿ ಒಯ್ಯಬಹುದಿತ್ತಲ್ರಿ, ಅವರಿಗೆ ಸೇರತಾವ.”

“ಇಂಥಾ ಮಾತಿಗೆ ಸಿಹಿ ಬ್ಯಾಡ.”

ಫ್ರೌವ್ವ ಅಡುಗೆಮನೆಯಲ್ಲಿ ಕೂತು ಫೋರ್ಕಿನಿಂದ ಕೆಂಪು ಹಣ್ಣಿನ ಗೊಂಚಲು ಬಿಡಿಸುತ್ತಿದ್ದರು. ಕೈಯೆಲ್ಲ ಕೆಂಪಾಗಿತ್ತು. ಅತ್ತೆಯನ್ನು ನೋಡಿ ಮುಖ ಅರಳಿತು. ತಲೆನೋವು ಹೇಗಿದೆ ಎಂದು ಕೇಳಿದರು. ಅತ್ತೆ ನಿಂತೇ ಇದ್ದರು. ನಾನು ನಿಂತೇ ಹೇಳಿದೆ: ಅವತ್ತು ನಾನು ತಪ್ಪು ಹೇಳಿದೆ. ನಾಖ್ ಅಲ್ಲ. ಯುದ್ಧ ಮುಗಿದ ಮೇಲೆ ಅಲ್ಲ, ಯುದ್ಧದೊಳಗೆ. ದ್ರಾಕ್ಷಿ ಅಲ್ಲ.

ಫ್ರೌವ್ವನ ಕೈಯಲ್ಲಿನ ಫೋರ್ಕು ನಿಂತಿತು. ಏನು ಹಾಗಾದರೆ, ಎಂದು ಕೇಳಿದರು.

ನನಗಿಂತ ಮೊದಲು ಅತ್ತೆ, “ಬಾಂಬು” ಅಂದರು. ಆ ಶಬ್ದಕ್ಕೆ ತರ್ಜುಮೆ ಬೇಕಾಗಲಿಲ್ಲ.

ಫೋನಿನಲ್ಲಿದ್ದ ಪುಟ ತೋರಿಸಿದೆ. ಫ್ರೌವ್ವ ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಬೆರಳಿನಿಂದ ಸಾಲು ಹಿಡಿದು ಓದಿದರು. ಕೊನೆಯ ಮೂರು ಸಾಲಿಗೆ ಬಂದಾಗ ಬೆರಳು ಅಲ್ಲೇ ಉಳಿಯಿತು. ಆಮೇಲೆ ನಿಧಾನವಾಗಿ, ನನಗೆ ಅರ್ಥವಾಗುವ ಹಾಗೆ ತುಂಡು ತುಂಡಾಗಿ ಹೇಳಿದರು. ಅವರು ಆಗ ಶ್ಟುಟ್‌ಗಾರ್ಟಿನಲ್ಲಿದ್ದರು. ಎಂಟು ತುಂಬಿ ಒಂದು ವಾರವೂ ಆಗಿರಲಿಲ್ಲ. ಮೊದಲ ದಾಳಿಯ ಮರುದಿನ ಬೆಳಿಗ್ಗೆಯೇ ತಾಯಿ ಅವರನ್ನು ಈ ಊರಿಗೆ, ಇದೇ ಮನೆಗೆ, ಚಿಕ್ಕಮ್ಮನ ಹತ್ತಿರ ಕರೆತಂದರು. ನಾಲ್ಕು ವರ್ಷದ ತಂಗಿ ಲೀಸೆಲ್ ಇನ್ನೊಂದು ಓಣಿಯಲ್ಲಿ ಅಜ್ಜಿಯ ಮನೆಯಲ್ಲಿದ್ದಳು. ಅಲ್ಲಿಗೆ ಹೋಗುವ ಹಾದಿಯೇ ಮುಚ್ಚಿಹೋಗಿತ್ತು. ಐದು ದಿನದಲ್ಲಿ ಮೂರು ಸಲ ವಿಮಾನ ಬಂದವು. ಆಮೇಲೆ ತಾಯಿ ಹೋಗಿ ನೋಡಿದರೆ ಆ ಓಣಿಯೇ ಇರಲಿಲ್ಲ. ಮೊದಲನೆಯದಕ್ಕೋ ಎರಡನೆಯದಕ್ಕೋ ಮೂರನೆಯದಕ್ಕೋ ಯಾರಿಗೂ ತಿಳಿಯಲಿಲ್ಲ. ಗೋರಿಕಲ್ಲಿನ ಮೇಲೆ ತಾರೀಖಿಲ್ಲ, ಬರೀ ‘ಜುಲೈ’ ಎಂದಿದೆ.

ಒಂದೊಂದೇ ಮಾತನ್ನು ಅತ್ತೆಗೆ ಹೇಳಿದೆ. ಈ ಸಲ ಒಂದಕ್ಕೂ ‘ಯಾ’ ಅನ್ನಲಿಲ್ಲ. ತಿಳಿಯದಿದ್ದಲ್ಲಿ ಮತ್ತೆ ಕೇಳಿದೆ.

ಆ ಮೂರರಲ್ಲಿ ಕೊನೆಯ ಸಾಲಿನ ನಾಲ್ಕು ಅಕ್ಷರಗಳ ಮೇಲೆ ಫ್ರೌವ್ವ ಬೆರಳಿಟ್ಟರು. ಇದೇನು ಎಂದರು. ನನಗೆ ಜೀವ ಬಂದ ಹಾಗಾಯಿತು. ಗಡಬಡಿಸಿ ಹೇಳಿದೆ: ಆ ದಿನ ಅವರು ಬರಲಿಲ್ಲ, ಹಾದಿಯಿಂದಲೇ ತಿರುಗಿ ಹೋದರು, ಕೈಗೆ ಗಾಯವಾಗಿತ್ತು. ಮೂರನೆಯ ದಾಳಿಯಲ್ಲಿ ಆಗಿದ್ದರೆ ಅವರಲ್ಲ!

“ಏನ ಹೇಳಿದ್ಯವಾ?” ಅತ್ತೆ ಕೇಳಿದರು. ಹೇಳಿದೆ.

“ಮೊದಲಿನ ಎರಡು?”

ನಾನು ಫೋನಿನ ಕಡೆ ನೋಡಿದೆ.

“ಅದನ್ನೂ ಹೇಳ. ಎರಡ ಸಲ ಬಂದಿದ್ದ ಅಂತ ಹೇಳ.”

ಹೇಳಿದೆ. ಫ್ರೌವ್ವ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಆಗ ಆ ಹುಡುಗನಿಗೆ ಎಷ್ಟು ವಯಸ್ಸಿತ್ತು ಎಂದು ಕೇಳಿದರು. ಇಪ್ಪತ್ತೆರಡು ಎಂದೆ. ಅವರು ತಲೆಯಾಡಿಸಿದರು, ಯಾವುದಕ್ಕೆ ಅಂತ ಗೊತ್ತಾಗಲಿಲ್ಲ. “ಹಣ್ಣು ಇವತ್ತೇ ಮುಗಿಸಬೇಕು, ಇಲ್ಲದಿದ್ದರೆ ಕೆಡುತ್ತವೆ” ಎಂದರು. ಹೋಗಿ ಎಂದು ಅರ್ಥ. ಅತ್ತೆ ಚಕ್ಕಲಿ ಡಬ್ಬಿಯನ್ನು ಮೇಜಿನ ತುದಿಗೆ ಇಟ್ಟು ಕೈ ಮುಗಿದರು. ಫ್ರೌವ್ವ ಮತ್ತೆ ಫೋರ್ಕು ಹಿಡಿದಿದ್ದರು.

ಸಂಜೆ ನನ್ನ ಗಂಡ ಬೈಯಲೂ ಇಲ್ಲ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಬಾಡಿಗೆ ಮನೆಗಳನ್ನು ನೋಡುತ್ತ ಕೂತರು. ಪವಿ ಅಜ್ಜಿಯ ಪಕ್ಕ ಕೂತು, ಎಂದೂ ಇಲ್ಲದವಳು, ಕಾಲು ಒತ್ತಿದಳು.

ಶನಿವಾರ ಬಂತು. ಡಬ್ಬಿ ಬರಲಿಲ್ಲ. ಸೋಮವಾರದಿಂದ ಫ್ರೌವ್ವನ ಗುಡಿಸುವ ಪಾಳಿ. ಬೆಳಿಗ್ಗೆ ಪೊರಕೆಯ ಸದ್ದು ಕೇಳುತ್ತಿತ್ತು, ಅತ್ತೆ ಬಾಗಿಲ ಒಳಗೆ ನಿಂತು ಕೇಳುತ್ತಿದ್ದರು, ತೆರೆಯುತ್ತಿರಲಿಲ್ಲ. ಬುಧವಾರ ಟಪಾಲು ಡಬ್ಬದಲ್ಲಿ ಒಂದು ದಪ್ಪ ಲಕೋಟೆ ನೋಡಿ ನನ್ನ ಗಂಡನ ಮುಖದ ಬಣ್ಣವೇ ಹೋಯಿತು. ಒಡೆದರೆ ಪವಿಯ ದಂತವೈದ್ಯರದು. ಗುರುವಾರ ಮೆಟ್ಟಿಲಲ್ಲಿ ನನಗೆ ಫ್ರೌವ್ವ ಎದುರಾದರು. “ಗ್ರೂಸ್ ಗಾಟ್” ಎಂದೆ. “ಗ್ರೂಸ್ ಗಾಟ್” ಎಂದು ಮುಂದೆ ಹೋದರು. ಅದೊಂದು ನಮಸ್ಕಾರವನ್ನು ಮನೆಗೆ ತಂದು ನಾಲ್ವರೂ ಹತ್ತು ರೀತಿ ಅರ್ಥ ಮಾಡಿದೆವು.

“ಮುಖ ಹೆಂಗಿತ್ತು?” ಎಂದರು ಅತ್ತೆ.

“ಯಾವಾಗಿನಂಗ ಇತ್ರಿ.”

“ಯಾವಾಗಿನಂಗ ಅಂದ್ರ ನಾ ಬರೂಕಿಂತ ಮೊದಲಿನಂಗೋ, ಬಂದ ಮ್ಯಾಲಿನಂಗೋ?”

ಗೊತ್ತಾಗಲಿಲ್ಲ ಅಂದೆ.

ಹುಟ್ಟುಹಬ್ಬ ಭಾನುವಾರ. ಕರೆದ ಕರೆಯನ್ನು ಅವರು ಹಿಂದೆ ತೆಗೆದುಕೊಂಡಿರಲಿಲ್ಲ, ಬನ್ನಿ ಎಂದು ಮತ್ತೆ ಹೇಳಿಯೂ ಇರಲಿಲ್ಲ. ಅತ್ತೆ ಇಳಕಲ್ ಸೀರೆಯನ್ನು ಮಡಿಸಿ ಸೂಟ್‌ಕೇಸಿನ ತಳಕ್ಕೆ ಹಾಕಿದರು.

ಶನಿವಾರ ಬೆಳಿಗ್ಗೆ ಪವಿ ಬಾಗಿಲು ತೆರೆದವಳು, “ಆಯಿ!” ಎಂದು ಕೂಗಿದಳು. ಹೊಸ್ತಿಲಾಚೆ ಡಬ್ಬಿ ಇತ್ತು. ಫಳಫಳ ತೊಳೆದದ್ದು. ಮುಚ್ಚಳ ಬಿಗಿಯಾಗಿ ಹಾಕಿತ್ತು. ನಾಲ್ವರೂ ಸುತ್ತ ನಿಂತೆವು, ಯಾರೂ ಮುಟ್ಟಲಿಲ್ಲ.

“ಎತ್ತ ಪವಿ. ಹಗುರೈತೇನ ನೋಡ” ಎಂದರು ನನ್ನ ಗಂಡ.

“ಬ್ಯಾಡ. ನಾ ಎತ್ತತೇನಿ.” ಅತ್ತೆ ಕೂತು ಎರಡೂ ಕೈಯಿಂದ ಎತ್ತಿದರು. ಒಳಗೆ ತಂದು ಮೇಜಿನ ಮೇಲಿಟ್ಟು ಮುಚ್ಚಳ ತೆಗೆದರು.

ಬ್ರೆಡ್ಡು. ಅದೇ ಜಡೆಯ ಹೆಣಿಗೆ, ಅದೇ ಬಣ್ಣ, ಇನ್ನೂ ಬಿಸಿ ಇತ್ತು. ನಾನು ಚಾಕು ತಂದು ಕೊಯ್ದೆ. ಬಿಳಿ ತಿರುಳು ಬಿಚ್ಚಿಕೊಂಡಿತು. ಇನ್ನೊಂದು ಹೋಳು ಕೊಯ್ದೆ, ಇನ್ನೊಂದು. ಒಂದರಲ್ಲೂ ದ್ರಾಕ್ಷಿ ಇರಲಿಲ್ಲ.

“ತೀರಿರಬೇಕು ಮನ್ಯಾಗ” ಎಂದರು ನನ್ನ ಗಂಡ.

“ಇಲ್ಲ ಪಪ್ಪಾ. ಬೇಕಂತನ ಹಾಕಿಲ್ಲ.” ಪವಿಯ ದನಿ ಸಣ್ಣಗಾಗಿತ್ತು. “ಅಂದ್ರ ಸಿಟ್ಟ ಐತೇನು? ಇಲ್ಲೇನು?”

ಅತ್ತೆ ಒಂದು ಹೋಳು ತೆಗೆದುಕೊಂಡು ಮುರಿದು ಬಾಯಿಗೆ ಹಾಕಿದರು. ಅಗಿಯುತ್ತ ಅಗಿಯುತ್ತ ಕಣ್ಣಲ್ಲಿ ನೀರು ಇಳಿಯಿತು, ಒರೆಸಿಕೊಳ್ಳಲಿಲ್ಲ.

“ಇಷ್ಟ ದಿನ ತಿಂದದ್ದು ಯಾರದೋ ಮಗಳ ಪಾಲಿಂದು” ಎಂದರು. “ಇದು ನಂದು. ಸಿದ್ದರಾಮಪ್ಪನ ಮಗಳಿಗೆ ಮಾಡಿ ಕೊಟ್ಟಾಳ ಇದನ್ನ.”

ಹೋಳನ್ನು ಪೂರ್ತಿ ತಿಂದರು. ಆಮೇಲೆ ಮೂಗು ಒರೆಸಿಕೊಂಡು, ಡಬ್ಬಿಯನ್ನು ನನ್ನ ಕಡೆ ಸರಿಸಿದರು.

“ಶೇಂಗಾ ಎಷ್ಟ ಅದಾವ ನೋಡವಾ. ನಾಳೆ ನಲವತ್ತ ಮಂದಿ ಅಂದಿದ್ಲು.”